ಮೂರೂರ ದಾರಿಯಲ್ಲಿ ಒಂದು ಎಚ್ಚರಿಕೆಯ ಯಂತ್ರ

ಪ್ರವಾಸವೆಂದರೆ ಕಾಶಿ ರಾಮೇಶ್ವರಗಳೇ ಆಗಬೇಕೆಂದಿಲ್ಲ. ಬೆಳಗ್ಗೆ ಗಂಜಿಯುಂಡು ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಂಥ ಪ್ರಯಾಣದಲ್ಲಿಯೂ ಹೇಳತಕ್ಕ ಸಂಗತಿಗಳಿರುವುದುಂಟು. ನಾವು ಬಂಟವಾಳದವರು. ಬೆಳ್ತಂಗಡಿ ಮೂಡಬಿದಿರೆಗಳು ನಮಗೆ ನೆರೆಯೂರುಗಳು. ಮದುವೆಗೆಂದು, ಕೋಲಕ್ಕೆಂದು, ಕಂಬಳಕ್ಕೆಂದು ನೂರಾರು ಸಲ ಹೋಗಿ ಬಂದ ದಾರಿಗಳವು. ಆದರೂ ಇಷ್ಟು ವರ್ಷ ಆ ದಾರಿಗಳನ್ನು ನಾವು ಸರಿಯಾಗಿ ನೋಡಿಯೇ ಇರಲಿಲ್ಲವೆಂದು ಈಗ ತೋರುತ್ತದೆ. ನೋಡುವಂತೆ ಮಾಡಿದುದು ಅಂಗೈಯಗಲದ ಒಂದು ಯಂತ್ರ.

ನಮ್ಮ ಮಗಳು ಮೂಡಬಿದಿರೆಯಲ್ಲಿ ಉಪಾಧ್ಯಾಯಿನಿ. ಸಿದ್ದಕಟ್ಟೆಯ ಮಾರ್ಗವಾಗಿ ದಿನವೂ ಒಂದು ಚಿಕ್ಕ ಕಾರಿನಲ್ಲಿ ಹೋಗಿ ಬರುತ್ತಾಳೆ. ಹೋದ ಆಟಿ ತಿಂಗಳಲ್ಲಿ ಒಂದು ಸಂಜೆ ಮಳೆ ಹಿಡಿದು ಸುರಿಯುತ್ತಿದ್ದಾಗ, ಬಿಳಿ ಬಣ್ಣವನ್ನು ಕಾಣದ ಒಂದು ರಸ್ತೆಯುಬ್ಬಿನ ಮೇಲೆ ಗಾಡಿ ಹಾರಿ, ಅಡಿಭಾಗ ಒಡೆದು, ಎಣ್ಣೆಯೆಲ್ಲ ಸೋರಿಹೋಯಿತು. ಕತ್ತಲಲ್ಲಿ ಒಂದೂವರೆ ಗಂಟೆ ಅವಳೊಬ್ಬಳೇ ರಸ್ತೆಯ ಬದಿಯಲ್ಲಿ ಕುಳಿತಿದ್ದಳು. ಅವಳಿಗೆ ಏನೂ ಆಗಲಿಲ್ಲ. ಆದರೆ ಅವಳ ತಾಯಿಗೆ ಆ ರಾತ್ರಿ ಜ್ವರವೇ ಬಂದಿತು. "ನಾಳೆಯಿಂದ ಬಸ್ಸಿನಲ್ಲಿ ಹೋಗು" ಎಂದು ಒಬ್ಬರು, "ಉಬ್ಬು ಇದೆಯೆಂದು ಮೊದಲೇ ಗೊತ್ತಿದ್ದರೆ ನಾನೇಕೆ ಹಾರಿಸುತ್ತಿದ್ದೆ?" ಎಂದು ಇನ್ನೊಬ್ಬರು. ವಾದವು ಒಂದು ವಾರ ನಡೆಯಿತು.

ರಸ್ತೆಯುಬ್ಬಿಗೂ ಒಂದು ಶಾಸ್ತ್ರವಿದೆಯೆಂಬುದು ನಮಗೆ ತಿಳಿದುದು ಆಗಲೇ. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟಬೇಕಾದ ಉಬ್ಬು 3.7 ಮೀಟರು ಉದ್ದವಾಗಿ, ನಡುವೆ 10 ಸೆಂಟಿಮೀಟರು ಎತ್ತರವಾಗಿ, ಮೆಲ್ಲನೆ ಏರಿ ಮೆಲ್ಲನೆ ಇಳಿಯತಕ್ಕದ್ದು. ಮುಂದಾಗಿ ಸೂಚನೆಯ ಫಲಕವಿರಬೇಕು, ಮೈಮೇಲೆ ಬಣ್ಣದ ಪಟ್ಟೆಗಳಿರಬೇಕು. ನಮ್ಮ ಹಳ್ಳಿದಾರಿಗಳ ಉಬ್ಬುಗಳಲ್ಲಿ ಹಲವು ಈ ಶಾಸ್ತ್ರವನ್ನು ಓದಿದವುಗಳಲ್ಲ. ಯಾರದೋ ಮನೆಯ ಮುಂದೆ ಅಪಘಾತವಾಯಿತೆಂದು ರಾತ್ರೋರಾತ್ರಿ ಎದ್ದವುಗಳೂ ಇವೆ; ಅವನ್ನು ಎಬ್ಬಿಸಿದವರನ್ನು ಬೈಯುವುದಕ್ಕೂ ಮನಸ್ಸು ಬಾರದು.

ಬೆಂಗಳೂರಿನಲ್ಲಿರುವ ನಮ್ಮ ಭಾವನವರು ತಾವು ಬಿಟ್ಟಿದ್ದ ಹಳೆಯ ಜಿಪಿಎಸ್ ಯಂತ್ರವೊಂದನ್ನು ಕಳುಹಿಸಿದರು. ಕೈಯಲ್ಲಿ ಫೋನಿರುವಾಗ ಇದೇಕೆಂದು ನಾವೂ ಕೇಳಿದೆವು. ಘಾಟಿಯ ನೆರಳಿಗೆ ಹೋದರೆ ಫೋನಿನ ಸಂಪರ್ಕ ತಪ್ಪಿಹೋಗುವುದೆಂಬುದು ಒಂದು ಉತ್ತರ. ಈ ಯಂತ್ರವಾದರೋ ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ನೇರವಾಗಿ ಹಿಡಿದು, ತಾನಿರುವ ಸ್ಥಳವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. 2000ನೆಯ ಇಸವಿಯ ಮೇ ತಿಂಗಳವರೆಗೆ ಅಮೆರಿಕದವರು ಸಾರ್ವಜನಿಕರ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ಸ್ಥಾನವು ನೂರು ಮೀಟರಿನಷ್ಟು ಅತ್ತಿತ್ತ ಆಗುತ್ತಿತ್ತು. ಅದನ್ನು ನಂಬಿ ತಿರುಗಿಸಿದವನು ತೋಡಿಗೆ ಬೀಳಬೇಕಾಗಿತ್ತು. ಇಂದು ಬಯಲಿನಲ್ಲಿ ಕೆಲವೇ ಮೀಟರುಗಳ ವ್ಯತ್ಯಾಸ.

ಇನ್ನೊಂದು ಉತ್ತರವೇ ಮುಖ್ಯವಾದುದು. ಈ ಯಂತ್ರಕ್ಕೆ ನಮ್ಮದೇ ಪಟ್ಟಿಯನ್ನು ತುಂಬಬಹುದು. ಎಲ್ಲಿ ಉಬ್ಬು, ಎಲ್ಲಿ ಶಾಲೆ, ಎಲ್ಲಿ ಕಿರುಸೇತುವೆ ಎಂದು ಬರೆದು ಕಂಪ್ಯೂಟರಿನ ಮೂಲಕ ಇಳಿಸಿದರೆ, ಆ ಸ್ಥಳ ಸಮೀಪಿಸಿದಾಗ ಅದು ಗಂಟೆ ಬಾರಿಸಿ ಹೆಸರನ್ನು ತೋರಿಸುತ್ತದೆ. ಗಾರ್ಮಿನ್ ಕಂಪೆನಿಯವರು ತಮ್ಮ ಯಂತ್ರಗಳಿಗಾಗಿ "ಪಿಓಐ ಲೋಡರ್" ಎಂಬ ತಂತ್ರಾಂಶವನ್ನು ಇದಕ್ಕೆಂದೇ ಮಾಡಿದ್ದಾರೆ. ಹೆಸರಿನ ಜತೆಗೆ, ಮಿಂಚಂಚೆಯ ವಿಳಾಸದಲ್ಲಿ ಬರುವ ಬಾಲ ಸುತ್ತಿದ ಗುರುತನ್ನು ಹಾಕಿ ಮುಂದೆ 30 ಎಂದು ಬರೆದರೆ, ಮೂವತ್ತರ ವೇಗ ಮೀರಿದಾಗ ಎಚ್ಚರಿಸುವ ಏರ್ಪಾಡೂ ಅದರಲ್ಲಿದೆ.

ಪಟ್ಟಿ ಮಾಡುವವರು ಯಾರು? ನಮ್ಮ ಸೋದರಮಾವನವರು ಮೂವತ್ತೊಂದು ವರ್ಷ ಇದೇ ದಾರಿಗಳಲ್ಲಿ ಬಸ್ಸು ಓಡಿಸಿದವರು. ಈಗ ಒಂದು ಕಣ್ಣಿಗೆ ಪೊರೆ, ಗಾಡಿ ಮುಟ್ಟುವುದಿಲ್ಲ. ಯಂತ್ರವನ್ನು ತೋರಿಸಿದಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಳಿಯಾ, ತಿರುವು ಯಾರನ್ನೂ ಕೊಲ್ಲುವುದಿಲ್ಲ. ತಿರುವಿನ ಆಚೆ ನಿಂತ ಲಾರಿ ಕೊಲ್ಲುತ್ತದೆ. ಅದು ಇದಕ್ಕೆ ಗೊತ್ತುಂಟೋ?" ಎಂದರು. ಇಲ್ಲವೆಂದು ಒಪ್ಪಿಕೊಂಡೆವು. "ಹಾಗಾದರೆ ಲಾರಿಗಳು ಎಲ್ಲಿ ನಿಲ್ಲುತ್ತವೆಂದು ನಾನು ಹೇಳುತ್ತೇನೆ, ಬರೆದುಕೊಳ್ಳಿ" ಎಂದು ಮರುದಿನವೇ ಹೊರಟು ನಿಂತರು.

ಬೇಶ ತಿಂಗಳ ಒಂದು ಭಾನುವಾರ ಪ್ರಯಾಣ ಆರಂಭವಾಯಿತು. ಮಗಳು ಗಾಡಿ ಓಡಿಸುವುದು, ಮಾವನವರು ಪಕ್ಕದಲ್ಲಿ ಕುಳಿತು ಹೇಳುವುದು, ನಾವು ಹಿಂದೆ ಕುಳಿತು ಯಂತ್ರದಲ್ಲಿ ಗುರುತು ಒತ್ತಿ ಪುಸ್ತಕದಲ್ಲಿ ಹೆಸರು ಬರೆಯುವುದು. ಓಡಿಸುವವರು ಯಂತ್ರವನ್ನು ಮುಟ್ಟಕೂಡದೆಂದು ಮೊದಲೇ ನಿಶ್ಚಯವಾಗಿತ್ತು. ಬಿ.ಸಿ. ರೋಡಿನ ನೂಕುನುಗ್ಗಲಿನಿಂದ ಹೊರಬಿದ್ದು ಪುಂಜಾಲಕಟ್ಟೆಯ ಕಡೆಗೆ ಹೊರಟೊಡನೆ ಮಾವನವರ ಬಾಯಿ ಬಿಚ್ಚಿತು. "ಹಲಸಿನ ಮರದ ತಿರುವು" ಎಂದರು. ಅಲ್ಲಿ ಹಲಸಿನ ಮರವಿರಲಿಲ್ಲ. "ಸೋಡದಂಗಡಿಯ ಇಳಿಜಾರು" ಎಂದರು; ಅಂಗಡಿಯೂ ಇರಲಿಲ್ಲ, ರಸ್ತೆ ಅಗಲಗೊಳಿಸಿದ ಮೇಲೆ ಇಳಿಜಾರೂ ಅರ್ಧ ಕರಗಿತ್ತು. ಅವರು ನೋಡುತ್ತಿದ್ದುದು ಬೇರೊಂದು ರಸ್ತೆಯೇನೋ ಎಂಬಂತೆ ನಮಗೆ ಕೆಲವೊಮ್ಮೆ ತೋರಿತು. ಆದರೆ ಮಳೆಗೆ ನೀರು ರಸ್ತೆಗೆ ಅಡ್ಡ ಹರಿಯುವ ತಾಣಗಳನ್ನು ಅವರು ತೋರಿಸಿದಾಗ ಇಳಿದು ನೋಡಿದೆವು. ಡಾಮರಿನ ಅಂಚು ಅಲ್ಲಲ್ಲಿಯೇ ಕೊರೆದುಹೋಗಿತ್ತು. ಮರ ಹೋದರೂ ನೀರು ತನ್ನ ದಾರಿಯನ್ನು ಬಿಟ್ಟಿರಲಿಲ್ಲ.

ಗುರುವಾಯನಕೆರೆಯ ಕವಲು ದಾಟಿ ಬೆಳ್ತಂಗಡಿಯ ಸಮೀಪದಲ್ಲಿ ಗಡಾಯಿಕಲ್ಲು ಕಣ್ಣಿಗೆ ಬೀಳುತ್ತದೆ. ಟಿಪ್ಪು ಸುಲ್ತಾನನು 1794ರಲ್ಲಿ ಜಮಾಲಾಬಾದ್ ಕೋಟೆಯನ್ನು ಕಟ್ಟಿಸಿದುದು ಈ ಒಂಟಿ ಬಂಡೆಯ ಬೆಟ್ಟದ ಮೇಲೆಯೇ. ಅದರ ನೋಟ ತೆರೆಯುವ ಜಾಗದಲ್ಲಿ ಒಂದು ಗುರುತು ಹಾಕಬೇಕೆಂದು ಮಾವನವರ ಹಟ. ರಸ್ತೆ ಅಲ್ಲಿ ಚೆನ್ನಾಗಿಯೇ ಇದೆಯಲ್ಲ ಎಂದೆವು. "ರಸ್ತೆ ಚೆನ್ನಾಗಿದೆ, ಹೊರಗಿನಿಂದ ಬಂದ ಡ್ರೈವರನ ಕಣ್ಣು ರಸ್ತೆಯ ಮೇಲಿರುವುದಿಲ್ಲ" ಎಂದರು. ಬರೆದುಕೊಂಡೆವು.

ಉಜಿರೆಯನ್ನು ಬಿಟ್ಟು ಚಾರ್ಮಾಡಿ ಘಾಟಿಯನ್ನು ಏರತೊಡಗಿದ ಮೇಲೆ ಮಾವನವರು ಮೌನವಾದರು. ಪ್ರತಿಯೊಂದು ಸುತ್ತಿಗೂ ಬೆರಳೆತ್ತುವರು, ನಾವು ಒತ್ತುವೆವು, ಅಷ್ಟೆ. 2019ರ ಆಗಸ್ಟ್ ತಿಂಗಳ ಮಳೆಗೆ ಈ ಗುಡ್ಡ ಹಲವೆಡೆ ಕುಸಿದು ಸಂಚಾರವೇ ನಿಂತಿತ್ತು. ಅಂಥದನ್ನು ಯಾವ ಪಟ್ಟಿಯೂ ಮುಂಗಾಣಲಾರದು. ಅದಕ್ಕೆ ಜಿಲ್ಲಾಡಳಿತದ ಪ್ರಕಟಣೆಯನ್ನು ಕೇಳಿ ಹೊರಡುವುದೊಂದೇ ದಾರಿ. ಪಟ್ಟಿಗೆ ಸೇರತಕ್ಕವು ಬೇರೆ. ಮಳೆಗಾಲದಲ್ಲಿ ರಸ್ತೆಯ ಬದಿಗೇ ಧುಮುಕುವ ಝರಿಗಳ ಮುಂದೆ ಜನರು ಗಾಡಿ ನಿಲ್ಲಿಸಿ, ತಿರುವಿನ ನಟ್ಟನಡುವೆ ನಿಂತು ಚಿತ್ರ ತೆಗೆಯುವ ಜಾಗಗಳು. ಮಧ್ಯಾಹ್ನವೇ ಮಂಜು ಕವಿಯುವ ಜಾಗಗಳು. ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿಯಲ್ಲಿ ಮಾವನವರು ಇಳಿದು ಕಾಣಿಕೆ ಹಾಕಿದರು. ಅಲ್ಲಿಯೂ ವಾಹನಗಳು ನಿಲ್ಲುವುದರಿಂದ ನಾವು ಒಂದು ಗುರುತು ಹಾಕಿದೆವು.

ಮರಳಿ ಗುರುವಾಯನಕೆರೆಗೆ ಬಂದು ವೇಣೂರಿನ ಮಾರ್ಗ ಹಿಡಿದೆವು. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿಯನ್ನು ಕಂಡು, ಫಲ್ಗುಣಿ ನದಿಯ ಗಾಳಿಯಲ್ಲಿ ಬುತ್ತಿ ಬಿಚ್ಚಿ ಉಂಡೆವು. ಮೂಡಬಿದಿರೆ ಸೇರುವಾಗ ನಾಲ್ಕು ಗಂಟೆ. 1430ರ ಸಾವಿರ ಕಂಬದ ಬಸದಿಯ ತಂಪಿನಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದೆವು. ಊರು ಈಗ ವಿದ್ಯಾರ್ಥಿಗಳ ಊರು. ಶಾಲೆ ಬಿಡುವ ಹೊತ್ತಿನಲ್ಲಿ ಇಲ್ಲಿ ಗಾಡಿ ಓಡಿಸುವುದೆಂದರೆ ಕೋಳಿಮರಿಗಳ ನಡುವೆ ನಡೆದಂತೆ ಎಂದು ಮಗಳು ಹೇಳುವುದುಂಟು. ಆದರೆ ಯಂತ್ರಕ್ಕೆ ವೇಳೆಯ ಪರಿವೆಯಿಲ್ಲ. ಶಾಲೆಯಿಲ್ಲದ ಭಾನುವಾರವೂ ಅದು ಅಷ್ಟೇ ಶ್ರದ್ಧೆಯಿಂದ ಗಂಟೆ ಬಾರಿಸುವುದು. ಸಿದ್ದಕಟ್ಟೆಯ ದಾರಿಯಲ್ಲಿ, ಅವಳ ಗಾಡಿ ಕೆಟ್ಟುಹೋದ ಉಬ್ಬನ್ನು ಅವಳೇ ತೋರಿಸಿದಳು. ಅದು ನಮ್ಮ ಪಟ್ಟಿಯ ತೊಂಬತ್ತನಾಲ್ಕನೆಯದು, ಕೊನೆಯದು.

ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತಾಗ ಕಷ್ಟ ತಿಳಿಯಿತು. ಅಂಕೆಗಳನ್ನು ಬರೆಯುವಾಗ ದಶಾಂಶದ ಮುಂದೆ ಎರಡು ಸ್ಥಾನ ಸಾಕೆಂದು ನಾವು ನಿಲ್ಲಿಸಿದ್ದೆವು. ಮಗಳು ನಕ್ಕಳು. ಅಕ್ಷಾಂಶದ ಒಂದು ಡಿಗ್ರಿಯೆಂದರೆ ಸುಮಾರು 111 ಕಿಲೋಮೀಟರು. ಎರಡೇ ಸ್ಥಾನಕ್ಕೆ ನಿಲ್ಲಿಸಿದರೆ ಒಂದು ಕಿಲೋಮೀಟರಿನ ಲೆಕ್ಕದಲ್ಲಿ ಮಾತನಾಡಿದಂತೆ, ಐದು ಸ್ಥಾನ ಬರೆದರೆ ಒಂದು ಮೀಟರಿನ ಲೆಕ್ಕ. ಮತ್ತೆ ಎಷ್ಟು ದೂರದಿಂದ ಎಚ್ಚರಿಸಬೇಕು? ಗಂಟೆಗೆ 36 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ 10 ಮೀಟರು ಸಾಗುತ್ತದೆ, 72ರ ವೇಗದ್ದು 20 ಮೀಟರು. 200 ಮೀಟರು ಮೊದಲು ಗಂಟೆ ಬಾರಿಸಿದರೆ ವೇಗವಾಗಿ ಹೋಗುವವನಿಗೂ ಹತ್ತು ಸೆಕೆಂಡು ಸಿಗುವುದು. ಹಾಗೆಯೇ ನಿಶ್ಚಯಿಸಿದೆವು.

ತೊಂಬತ್ತನಾಲ್ಕು ಗಂಟೆಗಳನ್ನು ಕೇಳಿ ಯಾವ ಮನುಷ್ಯನಿಗೂ ಎಚ್ಚರ ಉಳಿಯದೆಂಬುದು ಮಗಳ ವಾದ. ಹತ್ತನೆಯ ಗಂಟೆಯ ಮೇಲೆ ಕಿವಿ ತಾನಾಗಿ ಮುಚ್ಚಿಕೊಳ್ಳುವುದು. ಹಗಲು ದೂರದಿಂದ ಕಾಣುವುದನ್ನೂ, ಫಲಕವಿರುವುದನ್ನೂ ಬಿಟ್ಟು, ಕಣ್ಣಿಗೆ ಕಾಣದುದನ್ನು ಮಾತ್ರ ಇಟ್ಟುಕೊಂಡೆವು, ಮೂವತ್ತೆಂಟು ಉಳಿದವು. ನೆರೆಯ ಗೃಹಸ್ಥರೊಬ್ಬರು ಬಂದು ಪೊಲೀಸರ ವೇಗದ ಕ್ಯಾಮೆರಾಗಳನ್ನೂ ಸೇರಿಸಿಕೊಡಿರೆಂದು ಕೇಳಿದರು. ಫ್ರಾನ್ಸ್ ದೇಶದಲ್ಲಿ 2012ರಿಂದ ಇಂಥ ಯಂತ್ರಗಳು ಕ್ಯಾಮೆರಾದ ಜಾಗವನ್ನು ತೋರಿಸಕೂಡದು, ಅಪಾಯದ ವಲಯವೆಂದಷ್ಟೇ ಹೇಳಬಹುದು ಎಂದು ನಾವು ಒಂದು ಕಥೆ ಹೇಳಿದೆವು. ಅವರಿಗೆ ಅದು ರುಚಿಸಲಿಲ್ಲ.

ಮೊದಲನೆಯ ಪರೀಕ್ಷೆಯ ದಿನ ಯಂತ್ರವು ಬಂಟವಾಳದಿಂದ ಮೂಡಬಿದಿರೆಯವರೆಗೆ ತುಟಿ ಬಿಚ್ಚಲಿಲ್ಲ. ಮಾವನವರ ಮುಖದಲ್ಲಿ ಒಂದು ಬಗೆಯ ಸಂತೋಷವೂ ಕಂಡಿತೆನ್ನಬೇಕು. ಮನೆಗೆ ಬಂದು ಹುಡುಕಿದಾಗ ದೋಷ ನಮ್ಮದೇ ಎಂದು ತಿಳಿಯಿತು. ಶಾಲೆಯಲ್ಲಿ ಕಲಿತಂತೆ ನಾವು ಅಕ್ಷಾಂಶವನ್ನು ಮೊದಲು, ರೇಖಾಂಶವನ್ನು ಅನಂತರ ಬರೆದಿದ್ದೆವು. ಆ ತಂತ್ರಾಂಶಕ್ಕೆ ರೇಖಾಂಶ ಮೊದಲು ಬೇಕು. ಬಂಟವಾಳದ ಅಕ್ಷಾಂಶ ಸುಮಾರು 12.9, ರೇಖಾಂಶ ಸುಮಾರು 75. ತಿರುಗಿಸಿ ಓದಿದರೆ ಅದು ನಾರ್ವೆಗೆ ಉತ್ತರದ ಹಿಮಸಾಗರ. ನಮ್ಮ ಸಿದ್ದಕಟ್ಟೆಯ ಉಬ್ಬು, ಗಡಾಯಿಕಲ್ಲಿನ ನೋಟ, ಅಣ್ಣಪ್ಪ ಸ್ವಾಮಿಯ ಗುಡಿ ಎಲ್ಲವೂ ಒಂದು ವಾರ ಆ ತಣ್ಣೀರಿನಲ್ಲಿ ತೇಲುತ್ತಿದ್ದವು. ಅಂಥ ಅಕ್ಷಾಂಶವೂ ಭೂಗೋಳದಲ್ಲಿ ಇರುವುದರಿಂದ ಯಂತ್ರ ಆಕ್ಷೇಪವೆತ್ತಿರಲಿಲ್ಲ.

ಸರಿಪಡಿಸಿ ಎರಡನೆಯ ಸಲ ಹೊರಟಾಗ ಮಳೆ ಹಿಡಿದಿತ್ತು. ಈ ಸಲ ಯಂತ್ರ ಮಾತನಾಡಿತು. ಸಿದ್ದಕಟ್ಟೆಯ ಉಬ್ಬಿಗೆ ಇನ್ನೂರು ಮೀಟರಿರುವಾಗ ಗಂಟೆ ಬಾರಿಸಿತು. ಮಗಳು ನಿಧಾನವಾಗಿ ದಾಟಿಸಿದಳು. ಹಿಂದೆ ಕುಳಿತ ತಾಯಿ ಏನೂ ಹೇಳಲಿಲ್ಲ. ಘಾಟಿಯಲ್ಲಿ ಮಾತ್ರ ಪೇಚಾಯಿತು. ನಮ್ಮ ಯಂತ್ರ ದೂರವನ್ನು ಅಳೆಯುವುದು ಹಕ್ಕಿ ಹಾರುವ ಲೆಕ್ಕದಲ್ಲಿ. ತಲೆಯ ಮೇಲಿನ ಸುತ್ತು ನೇರವಾಗಿ ನೂರು ಮೀಟರಿನಲ್ಲಿದ್ದರೆ ಕೆಳಗಿನ ಸುತ್ತಿನಲ್ಲಿಯೇ ಬಡಿದುಕೊಳ್ಳುವುದು. ಘಾಟಿಯ ಗುರುತುಗಳಿಗೆ ಅಂತರವನ್ನು 60 ಮೀಟರಿಗೆ ಇಳಿಸಬೇಕಾಯಿತು. ಅಲ್ಲಿನ ವೇಗಕ್ಕೆ ಅಷ್ಟು ಸಾಕು.

ಹಿಂದಿರುಗುವಾಗ, ಪುಂಜಾಲಕಟ್ಟೆಗೆ ಇನ್ನೂ ಸ್ವಲ್ಪ ದೂರವಿರುವಾಗ, ಮಾವನವರು ಥಟ್ಟನೆ "ಇಲ್ಲಿ ಏಕೆ ಬಾರಿಸಲಿಲ್ಲ?" ಎಂದು ಕೇಳಿದರು. ಪುಸ್ತಕ ನೋಡಿದೆವು. ಅವರು ಹೇಳಿದ್ದ ಗುರುತೊಂದು ಅಲ್ಲಿ ಇದ್ದುದು ನಿಜ. ರಸ್ತೆ ನೆಟ್ಟಗಿದೆ, ಉಬ್ಬಿಲ್ಲ, ಕವಲಿಲ್ಲ ಎಂದು ನಾವೇ ಹೊಡೆದುಹಾಕಿದ್ದೆವು. ಹಾಗೆಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಒರಸುಕಡ್ಡಿಯ ಓಡಾಟವನ್ನು ನೋಡುತ್ತ ಕುಳಿತರು. ಆಮೇಲೆ ಹೇಳಿದರು: 1987ರ ಮಳೆಗಾಲ, ಇಂಥದೇ ಸಂಜೆ, ಎದುರಿಗೆ ನಿಂತಿದ್ದ ಇನ್ನೊಂದು ಬಸ್ಸಿನಿಂದ ಇಳಿದ ಹುಡುಗನೊಬ್ಬ ಅದರ ಹಿಂಬದಿಯಿಂದ ಓಡಿಬಂದ. ಬ್ರೇಕು ಹಿಡಿಯಿತು, ಆದರೆ ಪೂರ್ತಿ ಹಿಡಿಯಲಿಲ್ಲ. ಕಾಲು ಹೋಯಿತೆಂದುಕೊಂಡಿದ್ದರು, ಉಳಿಯಿತು. ಈಗ ಮುಂಬಯಿಯಲ್ಲಿ ಮಕ್ಕಳೊಂದಿಗನಾಗಿದ್ದಾನಂತೆ, ಕುಂಟು ಮಾತ್ರ ಹೋಗಿಲ್ಲ. ಆ ಹುಡುಗನದೂ ತಪ್ಪಲ್ಲ, ತಮ್ಮದೂ ತಪ್ಪಲ್ಲವೆಂದು ಪೊಲೀಸರು ಬರೆದುಕೊಂಡರು. "ಬಸ್ಸು ಈಗಲೂ ಅಲ್ಲಿಯೇ ನಿಲ್ಲುತ್ತದೆ" ಎಂದರು. ಇಷ್ಟು ವರ್ಷಗಳಲ್ಲಿ ಅವರು ಈ ಮಾತನ್ನು ಮನೆಯಲ್ಲಿ ಆಡಿದುದಿಲ್ಲ.

ಮಗಳು ಗಾಡಿಯನ್ನು ಬದಿಗೆ ನಿಲ್ಲಿಸಿದಳು. ನಾವು ಗುರುತು ಒತ್ತಿದೆವು. "ಏನೆಂದು ಹೆಸರು ಬರೆಯಲಿ, ಅಜ್ಜ?" ಎಂದು ಅವಳು ಕೇಳಿದಳು. ನಮ್ಮ ಯಂತ್ರಕ್ಕೆ ಕನ್ನಡದ ಅಕ್ಷರ ಬಾರದು, ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯಬೇಕು. ಆದುದರಿಂದ ಚಿಕ್ಕ ಹೆಸರಾದರೆ ಅನುಕೂಲ. ಮಾವನವರು ಯೋಚಿಸಿ, "ಮೆಲ್ಲ ಎಂದು ಬರಿ, ಸಾಕು" ಎಂದರು.

ಅದು ಮೂವತ್ತೊಂಬತ್ತನೆಯದು. ಮಳೆಗಾಲ ಮುಗಿದ ಮೇಲೆ ಪಟ್ಟಿಯನ್ನು ಇನ್ನೊಮ್ಮೆ ತಿದ್ದಬೇಕು. ವೇಣೂರಿನ ಮಾರ್ಗದಲ್ಲಿ ಹೊಸದಾಗಿ ಎರಡು ಉಬ್ಬುಗಳು ಎದ್ದಿವೆಯೆಂದು ಮಾವನವರಿಗೆ ಯಾರೋ ಹೇಳಿದ್ದಾರೆ; ಬುತ್ತಿ ಕಟ್ಟಿಕೊಂಡು ಎಂದು ಹೊರಡುವುದೆಂದು ವಾರಕ್ಕೆ ಎರಡು ಸಲ ಫೋನು ಮಾಡಿ ಕೇಳುತ್ತಿದ್ದಾರೆ.