ವಾಸರ್‌ಕುಪ್ಪೆಯ ಗಾಳಿ, ಇನ್ನೂರು ಮೀಟರಿನ ದಾರ

ಆಷಾಢದ ಗಾಳಿಗೆ ನಮ್ಮ ಕಡೆಯ ಹುಡುಗರು ಗಾಳಿಪಟ ಬಿಡುವ ಹೊತ್ತಿಗೆ ಸರಿಯಾಗಿ ನಾನು ಜರ್ಮನಿಯ ಒಂದು ಬೋಳುಗುಡ್ಡದ ನೆತ್ತಿಯ ಮೇಲೆ ಟೋಪಿಯನ್ನು ಕೈಯಲ್ಲಿ ಅದುಮಿ ಹಿಡಿದುಕೊಂಡು ನಿಂತಿದ್ದೆ. ಗಾಳಿ ಎಂದರೆ ಅಂಥ ಗಾಳಿ! ಆಡಿದ ಮಾತು ಪಕ್ಕದವನ ಕಿವಿ ತಲುಪುವ ಮೊದಲೇ ಹಾರಿಹೋಗುತ್ತಿತ್ತು. ಪಕ್ಕದಲ್ಲಿದ್ದವನು ನನ್ನ ಮಗ. ನಮ್ಮಿಬ್ಬರ ನಡುವೆ ಆಗ ಹೇಗೂ ಹೆಚ್ಚು ಮಾತಿರಲಿಲ್ಲ. ಗಾಳಿಯದೊಂದು ನೆಪ ಸಿಕ್ಕಿತು, ಅಷ್ಟೆ.

ಮಗ ಅಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಓದುತ್ತಿದ್ದಾನೆ. ಎರಡು ವಿಷಯಗಳಲ್ಲಿ ನಪಾಸಾದ ಸಂಗತಿ ನಮಗೆ ತಿಳಿದದ್ದು ಆರು ತಿಂಗಳ ಮೇಲೆ, ಅದೂ ಇನ್ನೊಬ್ಬರ ಬಾಯಿಂದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದ ಮೇಷ್ಟ್ರ ಮನೆಯಲ್ಲಿ ಇದು ಸಣ್ಣ ಸುದ್ದಿಯಲ್ಲ. "ನೀವೇ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ಆದರೆ ಬೈಯಬೇಡಿ" ಎಂದು ಹೆಂಡತಿ ಒಂದು ಡಬ್ಬಿ ಚಕ್ಕುಲಿ ಕೊಟ್ಟು ವಿಮಾನ ಹತ್ತಿಸಿದಳು. ಅವನ ಕೋಣೆಗೆ ಹೋಗಿ ನೋಡಿದರೆ ಮೇಜಿನ ಮೇಲೆ ಪುಸ್ತಕಗಳ ಬದಲು ಒಂದು ಉದ್ದನೆಯ ಮರದ ರೆಕ್ಕೆ! ನೆಲದ ತುಂಬ ಮರದ ಪುಡಿ, ಅಂಟಿನ ವಾಸನೆ. ಓದು ಬಿಟ್ಟು ಹುಡುಗ ಏನು ಮಾಡುತ್ತಿದ್ದಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡವೆನಿಸಿತು. ಹೆಂಡತಿಯ ಮಾತು ನೆನಪಿಸಿಕೊಂಡು ಸುಮ್ಮನಾದೆ.

ಮೂರನೆಯ ದಿನ ಅವನೇ "ಅಪ್ಪಾ, ನಿಮಗೊಂದು ಜಾಗ ತೋರಿಸ್ತೀನಿ" ಎಂದು ಕರೆದುಕೊಂಡು ಹೊರಟ. ಫ್ರಾಂಕ್‌ಫರ್ಟಿನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಗೆ ಫುಲ್ಡಾ ಎಂಬ ಊರು. ಅಲ್ಲಿಂದ ಬಸ್ಸಿನಲ್ಲಿ ರೋನ್ ಬೆಟ್ಟಸಾಲಿನ ಕಡೆಗೆ. ಹೆಸ್ಸೆ ರಾಜ್ಯದ ಅತಿ ಎತ್ತರದ ಗುಡ್ಡ ಅಲ್ಲಿದೆ. ಎತ್ತರ 950 ಮೀಟರ್, ಹೆಸರು ವಾಸರ್‌ಕುಪ್ಪೆ. ಜರ್ಮನ್ ಭಾಷೆಯಲ್ಲಿ ವಾಸರ್ ಎಂದರೆ ನೀರು, ಕುಪ್ಪೆ ಎಂದರೆ ದುಂಡು ನೆತ್ತಿಯ ಗುಡ್ಡ. ನಮ್ಮಲ್ಲೂ ಕುಪ್ಪೆ ಎಂದರೆ ಗುಡ್ಡೆ, ರಾಶಿ ತಾನೆ? ಪರದೇಶದಲ್ಲಿ ನೆಂಟರು ಸಿಕ್ಕಿದ ಹಾಗಾಯಿತು. ಫುಲ್ಡಾ ನದಿ ಹುಟ್ಟುವುದೂ ಇದೇ ಗುಡ್ಡದಲ್ಲಿ.

ನೆತ್ತಿಯ ಮೇಲೆ ಮರಗಳು ಕಡಿಮೆ, ಕಣ್ಣು ಹಾಯುವಷ್ಟೂ ಹುಲ್ಲು. ಒಂದು ಕಡೆ ಬಿಳಿಯ ಗುಮ್ಮಟ. ಶೀತಲ ಸಮರದ ಕಾಲದಲ್ಲಿ ಪೂರ್ವ ಜರ್ಮನಿಯ ಗಡಿಯಾಚೆ ಕಣ್ಣಿಟ್ಟಿದ್ದ ರೇಡಾರ್ ಕೇಂದ್ರದ ಗುರುತು ಅದು. ಇನ್ನೊಂದು ಕಡೆ ಬಂಡೆಯ ಮೇಲೆ ಕೂತ ಕಂಚಿನ ಹದ್ದು. ಮೊದಲ ಮಹಾಯುದ್ಧದಲ್ಲಿ ಮಡಿದ ವೈಮಾನಿಕರ ನೆನಪಿಗೆ 1923ರಲ್ಲಿ ನಿಲ್ಲಿಸಿದ ಸ್ಮಾರಕ. ಆದರೆ ಈ ಗುಡ್ಡಕ್ಕೆ ಹೆಸರು ತಂದವರು ಸೈನಿಕರಲ್ಲ, ವಿದ್ಯಾರ್ಥಿಗಳು.

1911ರಲ್ಲಿ ಡಾರ್ಮ್‌ಸ್ಟಾಟ್ ಪಟ್ಟಣದ ಕೆಲವು ಹುಡುಗರು ತಾವೇ ಕಟ್ಟಿದ ಗ್ಲೈಡರುಗಳನ್ನು ಹೊತ್ತುಕೊಂಡು ಇಲ್ಲಿಗೆ ಬಂದರು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನ. ಮರುವರ್ಷ ಅವರಲ್ಲೊಬ್ಬನಾದ ಹಾನ್ಸ್ ಗುಟರ್‌ಮುತ್ 800 ಮೀಟರಿಗೂ ಹೆಚ್ಚು ದೂರ ತೇಲಿದ. ಯುದ್ಧ ಮುಗಿದ ಮೇಲೆ ವರ್ಸೈ ಒಪ್ಪಂದದಿಂದಾಗಿ ಜರ್ಮನಿಯಲ್ಲಿ ಎಂಜಿನ್ ವಿಮಾನ ತಯಾರಿಕೆಗೆ ಕಡಿವಾಣ ಬಿತ್ತು. ಎಂಜಿನ್ ಇಲ್ಲದಿದ್ದರೇನು, ಗಾಳಿ ಇದೆಯಲ್ಲ ಎಂದು ಓಸ್ಕರ್ ಉರ್ಸಿನಸ್ ಎಂಬ ಪತ್ರಿಕಾ ಸಂಪಾದಕ 1920ರಲ್ಲಿ ಇಲ್ಲಿ ಗ್ಲೈಡರ್ ಸ್ಪರ್ಧೆ ಏರ್ಪಡಿಸಿದ. ಆ ವರ್ಷದ ಒಳ್ಳೆಯ ಹಾರಾಟ ಎರಡೂವರೆ ನಿಮಿಷದೊಳಗಿನದು. ಎರಡೇ ವರ್ಷಗಳ ಮೇಲೆ, 1922ರಲ್ಲಿ, ಹಾನೋವರ್ ವಿದ್ಯಾರ್ಥಿಗಳ 'ವಾಂಪೀರ್' ಎಂಬ ಗ್ಲೈಡರ್ ಮೊದಲು ಒಂದು ಗಂಟೆ, ಕೆಲವೇ ದಿನಗಳಲ್ಲಿ ಮೂರು ಗಂಟೆಗೂ ಹೆಚ್ಚು ಕಾಲ ಗಾಳಿಯಲ್ಲಿ ನಿಂತಿತು. ಆ ವಾಂಪೀರ್ ಈಗ ಮ್ಯೂನಿಕ್ಕಿನ ಡಾಯ್ಚೆಸ್ ಮ್ಯೂಸಿಯಂನಲ್ಲಿದೆ.

ಎರಡೂವರೆ ನಿಮಿಷ ಎಲ್ಲಿ, ಮೂರು ಗಂಟೆ ಎಲ್ಲಿ? ಗುಟ್ಟು ಗುಡ್ಡದಲ್ಲೇ ಇದೆ. ಬೀಸುವ ಗಾಳಿ ಇಳಿಜಾರಿಗೆ ಬಡಿದು ಮುಂದೆ ಹೋಗಲಾರದೆ ಮೇಲಕ್ಕೆ ತಿರುಗುತ್ತದೆ. ಆ ಮೇಲ್ಮುಖ ಗಾಳಿಯಲ್ಲಿ ಅಡ್ಡಡ್ಡ ಓಡಾಡುತ್ತಿದ್ದರೆ ಗ್ಲೈಡರ್ ಇಳಿಯುವಷ್ಟೇ ಏರುತ್ತಲೂ ಇರುತ್ತದೆ. 'ಗಾಳಿ ಬಂದಾಗ ತೂರಿಕೋ' ಎಂಬ ನಮ್ಮ ರೈತರ ಮಾತನ್ನು ಈ ಹುಡುಗರು ಅಕ್ಷರಶಃ ಪಾಲಿಸಿದ್ದರು. ಗುಡ್ಡದ ಮೇಲಿನ ಗ್ಲೈಡರ್ ವಸ್ತುಸಂಗ್ರಹಾಲಯದಲ್ಲಿ ದೊಡ್ಡ ಗ್ಲೈಡರುಗಳ ಜೊತೆಗೆ ಮಾದರಿ ವಿಮಾನಗಳಿಗೂ ಜಾಗ ಕೊಟ್ಟಿದ್ದಾರೆ. ಮಗ ಅವುಗಳ ಮುಂದೆ ನಿಂತವನು ಅಲುಗಲೇ ಇಲ್ಲ.

ಮರುದಿನ ಭಾನುವಾರ. ಗುಡ್ಡ ಇಳಿದು ಅವನ ಊರಿನ ಹತ್ತಿರದ ಒಂದು ಸಪಾಟು ಹುಲ್ಲುಗಾವಲಿಗೆ ಹೋದೆವು. ಸಣ್ಣದೊಂದು ಕ್ಲಬ್ಬಿನವರು ಅಲ್ಲಿ ರೇಡಿಯೋ ನಿಯಂತ್ರಣದ ಮಾದರಿ ಗ್ಲೈಡರ್ ಹಾರಿಸುತ್ತಾರೆ. ನನಗೊಂದು ಸಂದೇಹ. ಗುಡ್ಡದಲ್ಲಾದರೆ ಗಾಳಿಯೇ ಎತ್ತುತ್ತದೆ. ಬಯಲಿನಲ್ಲಿ ಎಂಜಿನ್ ಇಲ್ಲದ್ದನ್ನು ಮೇಲಕ್ಕೆ ಎತ್ತುವವರು ಯಾರು? ಮಗ ನಕ್ಕು ಹುಲ್ಲಿನ ಮೇಲಿದ್ದ ಒಂದು ಯಂತ್ರ ತೋರಿಸಿದ. ಅದರ ಹೆಸರು ವಿಂಚ್.

ನೋಡಲು ಅಂಥ ಘನವಾದದ್ದೇನೂ ಅಲ್ಲ. ಕಾರಿನ ಸ್ಟಾರ್ಟರ್ ಮೋಟರು, 12 ವೋಲ್ಟಿನ ಕಾರಿನ ಬ್ಯಾಟರಿ, ದಾರ ಸುತ್ತಿಕೊಳ್ಳಲು ಒಂದು ಡ್ರಮ್ಮು, ಹೊಲಿಗೆ ಯಂತ್ರದ ಪೆಡಲಿನಂಥ ಒಂದು ಕಾಲುಗುಂಡಿ. ದಾರ ಎಂದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪದ ನೈಲಾನ್. ಅದು ವಿಂಚಿನಿಂದ ಗಾಳಿಗೆದುರಾಗಿ 200 ಮೀಟರ್ ದೂರ ಹೋಗಿ, ಅಲ್ಲಿ ನೆಲಕ್ಕೆ ಗೂಟ ಹೊಡೆದು ಬಿಗಿದ ಒಂದು ರಾಟೆಯನ್ನು ಬಳಸಿ, ಮತ್ತೆ ವಿಂಚಿನ ಬಳಿಗೇ ಬರುತ್ತದೆ. ಬಾವಿಯ ಗಡಗಡೆ ಇದ್ದ ಹಾಗೆ. ಇಲ್ಲಿ ಬಾವಿ ಮಲಗಿದೆ, ಅಷ್ಟೇ ವ್ಯತ್ಯಾಸ. ದಾರದ ತುದಿಗೆ ಒಂದು ಪುಟ್ಟ ಪ್ಯಾರಾಚೂಟು, ಅದರಾಚೆ ಒಂದು ಉಂಗುರ. ಗ್ಲೈಡರಿನ ಹೊಟ್ಟೆಯಡಿ, ಅದರ ತೂಕದ ಕೇಂದ್ರಕ್ಕಿಂತ ತುಸು ಮುಂದೆ, ಒಂದು ಕೊಕ್ಕೆ. ಉಂಗುರವನ್ನು ಕೊಕ್ಕೆಗೆ ಸಿಕ್ಕಿಸಿ ಒಬ್ಬರು ಗ್ಲೈಡರ್ ಎತ್ತಿ ಹಿಡಿಯುತ್ತಾರೆ. ಗುಂಡಿ ಒತ್ತಿದರೆ ಮೋಟರು ತಿರುಗಿ ದಾರ ಬಿಗಿಯುತ್ತದೆ. ಕೈ ಬಿಟ್ಟರೆ ಗ್ಲೈಡರ್ ನಮ್ಮ ಗಾಳಿಪಟದ ಹಾಗೆಯೇ ದಾರದ ಎಳೆತಕ್ಕೆ ಮೂತಿಯೆತ್ತಿ ಏರುತ್ತದೆ.

ಗಾಳಿಪಟಕ್ಕೂ ಇದಕ್ಕೂ ಭೇದವಿರುವುದು ಕೊನೆಯಲ್ಲಿ. ನೈಲಾನು ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ತುದಿ ತಲುಪಿದಾಗ ಹಾರಿಸುವವನು ಗ್ಲೈಡರಿನ ಮೂತಿಯನ್ನು ಕ್ಷಣಕಾಲ ಕೆಳಗೆ ಬಾಗಿಸಿ ವೇಗ ಪಡೆದು, ಥಟ್ಟನೆ ಮೇಲೆತ್ತುತ್ತಾನೆ. ಕವಣೆಯಿಂದ ಹೊರಟ ಕಲ್ಲಿನಂತೆ ಅದು ಇನ್ನಷ್ಟು ಮೇಲೆ ಚಿಮ್ಮುತ್ತದೆ. ಉಂಗುರ ತಾನಾಗಿ ಕಳಚಿಕೊಳ್ಳುತ್ತದೆ. ಪ್ಯಾರಾಚೂಟು ದಾರವನ್ನು ನಿಧಾನವಾಗಿ ನೆಲಕ್ಕೆ ತರುತ್ತದೆ. ಆಮೇಲೆ ಗ್ಲೈಡರ್ ಉಂಟು, ಗಾಳಿ ಉಂಟು.

ಇದರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯುತ್ತದೆ. ಒಂದೇ ಮಾದರಿ ಮೂರು ಪರೀಕ್ಷೆಗಳಲ್ಲಿ ಪಾಸಾಗಬೇಕು. ಹತ್ತು ನಿಮಿಷ ಹಾರಿ ಗುರುತಿನ ಮೇಲೆ ಇಳಿಯುವುದು ಒಂದು. ನಾಲ್ಕು ನಿಮಿಷದಲ್ಲಿ 150 ಮೀಟರಿನ ದಾರಿಯನ್ನು ಆದಷ್ಟು ಸಲ ಕ್ರಮಿಸುವುದು ಇನ್ನೊಂದು. ಅದೇ ದಾರಿಯನ್ನು ನಾಲ್ಕೇ ಸಲ, ಆದರೆ ಅತಿ ವೇಗವಾಗಿ ಮುಗಿಸುವುದು ಮೂರನೆಯದು. "ಮೂರು ವಿಷಯ" ಎಂದೆ ನಾನು, ಮೇಷ್ಟ್ರ ಚಾಳಿ. ಮಗ ಉತ್ತರ ಕೊಡಲಿಲ್ಲ.

ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರಿದ್ದರು. ಅವರೇ ನನ್ನನ್ನು ಕರೆದು ಕಾಲುಗುಂಡಿಯ ಮುಂದೆ ನಿಲ್ಲಿಸಿದರು. ಮೋಟರನ್ನು ಒಂದೇ ಸಮನೆ ಓಡಿಸಬಾರದು, ತಟ್ಟಿ ತಟ್ಟಿ ಬಿಡಬೇಕು ಎಂದು ಕೈಸನ್ನೆಯಲ್ಲಿ ತೋರಿಸಿದರು. ಗ್ಲೈಡರ್ ಹಿಡಿದು ಎಸೆಯುವವರೂ ಅವರೇ. ಮಗನ ಕೈಯಲ್ಲಿ ರೇಡಿಯೋ. ಕೋಣೆಯಲ್ಲಿ ನಾನು ಕಂಡಿದ್ದ ರೆಕ್ಕೆ ಈಗ ಮೂರು ಮೀಟರ್ ಅಗಲದ, ಸುಮಾರು ಎರಡು ಕಿಲೋ ತೂಕದ ಹಕ್ಕಿಯಾಗಿತ್ತು.

ಒತ್ತಿದೆ. ದಾರ ಝೇಂಕರಿಸಿತು. ಗ್ಲೈಡರ್ ಹಿರಿಯರ ಕೈಬಿಟ್ಟು ನೆಟ್ಟಗೆ ಮೇಲೇರಿತು. ಅದು ಏರುವ ಚೆಂದ ನೋಡಿ ನನಗೆ ಮೈಮರೆವು. ಇನ್ನಷ್ಟು ಎತ್ತರ, ಇನ್ನೂ ಎತ್ತರ ಎನ್ನುವ ಆಸೆಯಲ್ಲಿ ಗುಂಡಿಯ ಮೇಲಿನ ಕಾಲು ಹಾಗೇ ಉಳಿಯಿತು. ಅದೇ ಹೊತ್ತಿಗೆ ಗಾಳಿ ಜೋರಾಯಿತು. ಗಾಳಿ ಹೆಚ್ಚಿದಾಗ ಅದೇ ಗ್ಲೈಡರನ್ನು ಎತ್ತುತ್ತದೆ, ಮೋಟರಿನ ಎಳೆತ ಕಡಿಮೆ ಮಾಡಬೇಕು. ನಾನು ಎರಡನ್ನೂ ಒಟ್ಟಿಗೆ ಹೇರಿದೆ. ರೆಕ್ಕೆಗಳು ಬಿಲ್ಲಿನಂತೆ ಬಾಗಿದವು. ಹಿರಿಯರು ಏನೋ ಕೂಗಿದರು; ಮಗನೂ ಕೂಗಿದ. ಫಟ್ ಎಂಬ ಸದ್ದು. ರೆಕ್ಕೆ ನಡುವಿನಲ್ಲಿ ಮುರಿದು, ಮೂರು ತಿಂಗಳ ಕೆಲಸ ತಿರುಗುತ್ತಾ ಬಂದು ಹುಲ್ಲಿಗೆ ಬಿತ್ತು.

ಯಾರೂ ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು. ಮಗ ಚೂರುಗಳನ್ನು ಆರಿಸಿ ತಂದು ಬೆಂಚಿನ ಮೇಲೆ ಜೋಡಿಸಿದ. ಎಳೆತದ ಭಾರವೆಲ್ಲ ರೆಕ್ಕೆಯೊಳಗಿನ ತೊಲೆಯ ಮೇಲೆ ಬೀಳುತ್ತದೆ, ಗ್ಲೈಡರಿನ ತೂಕದ ಹಲವು ಪಟ್ಟು ಬೀಳುತ್ತದೆ, ಅದಕ್ಕೇ ಸ್ಪರ್ಧೆಯವರು ಕಾರ್ಬನ್ ನಾರಿನ ತೊಲೆ ಹಾಕುತ್ತಾರೆ, ತನ್ನದು ಬರೀ ಮರ ಎಂದು ವಿವರಿಸಿದ. ಆಮೇಲೆ ಅದೇ ದನಿಯಲ್ಲಿ, ತಲೆ ಎತ್ತದೆ ಹೇಳಿದ: "ಫೋನ್ ಮಾಡಿದಾಗಲೆಲ್ಲ ನೀವು ಮೊದಲು ಕೇಳ್ತಿದ್ದದ್ದು ಮಾರ್ಕ್ಸು, ಅಪ್ಪಾ. ಪಾಠ ಅರ್ಥ ಆಗ್ತಿಲ್ಲ ಅಂತ ಹೇಳೋಕೆ ಜಾಗವೇ ಇರಲಿಲ್ಲ."

ಪಾಠಗಳು ಜರ್ಮನ್ ಭಾಷೆಯಲ್ಲಿ. ಬಂದ ಹೊಸದರಲ್ಲಿ ಅವನಿಗೆ ಅಂಗಡಿಯಲ್ಲಿ ಹಾಲು ಕೇಳುವಷ್ಟು ಮಾತ್ರ ಭಾಷೆ ಬರುತ್ತಿತ್ತಂತೆ. ಮಾತಾಡಲು ಕಲಿತದ್ದು ಈ ಹುಲ್ಲುಗಾವಲಿನಲ್ಲಿ, ಈ ಹಿರಿಯರ ಜೊತೆ, ರೆಕ್ಕೆ ಅಂಟಿಸುತ್ತಾ. ಎರಡೂ ಪರೀಕ್ಷೆಗಳಿಗೆ ಮತ್ತೆ ಹೆಸರು ಕೊಟ್ಟಿದ್ದ. ನಾನು ಸಾಕ್ಷಿ ಎಂದುಕೊಂಡಿದ್ದ ಆ ಮರದ ಪುಡಿಗೆ ಇಷ್ಟೊಂದು ಅರ್ಥವಿದೆಯೆಂದು ಯಾರಿಗೆ ಗೊತ್ತಿತ್ತು? "ನನ್ನದು ತಪ್ಪಾಯಿತು" ಎಂದೆ. ರೆಕ್ಕೆಯ ವಿಷಯ ಎಂದು ತಿಳಿದನೋ ಏನೋ, "ಅಂಟಿಸಿದರೆ ಆಯ್ತು ಬಿಡಿ" ಎಂದ.

ಸಂಜೆ ಗಾಳಿ ತಗ್ಗಿತು. ಹಿರಿಯರು ತಮ್ಮ ಗ್ಲೈಡರನ್ನೇ ಮಗನ ಮುಂದಿಟ್ಟು, ನನ್ನನ್ನು ಮತ್ತೆ ಗುಂಡಿಯ ಬಳಿಗೆ ಕಳಿಸಿದರು. ಬೇಡವೆಂದರೂ ಬಿಡಲಿಲ್ಲ. ಈ ಸಲ ಕಣ್ಣು ರೆಕ್ಕೆಯ ತುದಿಯ ಮೇಲೆ. ಬಾಗಿದರೆ ಕಾಲು ಮೇಲೆ, ನೆಟ್ಟಗಾದರೆ ಒಂದು ತಟ್ಟು. ತಟ್ಟು, ಬಿಡು, ತಟ್ಟು, ಬಿಡು. ಕೊನೆಯಲ್ಲಿ ಮಗ "ಸಾಕು!" ಎಂದ. ಕಾಲು ತೆಗೆದೆ. ಗ್ಲೈಡರ್ ಬಾಗಿ, ಚಿಮ್ಮಿ, ದಾರ ಕಳಚಿಕೊಂಡಿತು. ಮೋಟರಿನ ಸದ್ದೂ ಇಲ್ಲ, ದಾರದ ಝೇಂಕಾರವೂ ಇಲ್ಲ.

ನನ್ನ ಕೈಗೆ ಗಡಿಯಾರ ಕೊಟ್ಟಿದ್ದರು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಎತ್ತರ 150 ಮೀಟರ್, ಸೆಕೆಂಡಿಗೆ ಅರ್ಧ ಮೀಟರ್ ಇಳಿದರೆ ಐದು ನಿಮಿಷಕ್ಕೆ ನೆಲ. ಅದಕ್ಕಿಂತ ಹೆಚ್ಚು ನಿಂತರೆ ಅದು ಹಾರಿಸುವವನ ಸಂಪಾದನೆ. ಬಿಸಿಲಿಗೆ ಕಾದ ಉತ್ತ ಹೊಲದ ಮೇಲಿಂದ ಬಿಸಿಗಾಳಿ ಏಳುತ್ತಿರುತ್ತದೆ, ಅದನ್ನು ಹುಡುಕಿ ಸುತ್ತಬೇಕು. ಒಂದು ಗಿಡುಗ ಅಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ಮಗ ಗ್ಲೈಡರನ್ನು ಅದರ ಕೆಳಗೆ ಒಯ್ದ. ಐದು ನಿಮಿಷ ದಾಟಿತು. ಆರೂ ಆಯಿತು. ಅವನು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ, ನೋಡಬಾರದು ಕೂಡ.

ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಇದನ್ನು ಮಾಡಹೊರಟರೆ ಮೊದಲು ಕೈಯಿಂದ ಎಸೆಯುವ ಬಾಲ್ಸಾ ಮರದ ಗ್ಲೈಡರಿನಿಂದ ಆರಂಭಿಸಿ. ಬಿಗಿದ ದಾರದ, ರಾಟೆಯ ಗೂಟದ ಹತ್ತಿರ ನಿಲ್ಲಬೇಡಿ. ಗೂಟ ಕಿತ್ತರೆ ಗುಂಡಿನಂತೆ ಬರುತ್ತದೆ. ನಮ್ಮಲ್ಲಿ ರೇಡಿಯೋ ವಿಮಾನ ಹಾರಿಸುವ ಮೊದಲು 2021ರ ಡ್ರೋನ್ ನಿಯಮಗಳನ್ನು ನೋಡಿಕೊಳ್ಳಿ, ವಿಮಾನ ನಿಲ್ದಾಣದಿಂದ ದೂರವಿರಿ. ಅಪ್ಪಂದಿರು ಜೊತೆಗೆ ಹೋಗುವುದಾದರೆ ಉಂಗುರ ತರುವ ಕೆಲಸ ಕೇಳಿ ಪಡೆಯಿರಿ. ಪ್ರತಿ ಹಾರಾಟದ ಮೇಲೂ ರಾಟೆಯ ಬಳಿಯಿಂದ ದಾರದ ತುದಿ ಹಿಡಿದು 200 ಮೀಟರ್ ನಡೆಯಬೇಕು. ಆ ದಿನ ನಾನು ಎಷ್ಟು ಸಲ ನಡೆದೆನೋ ಲೆಕ್ಕವಿಲ್ಲ.

ರಾತ್ರಿ ಊರಿಗೆ ಫೋನ್ ಮಾಡಿದೆ. "ಏನಂದ? ಎಷ್ಟು ಬಂತಂತೆ?" ಎಂದು ಹೆಂಡತಿ ಆತುರದಿಂದ ಕೇಳಿದಳು.

"ಆರು ನಿಮಿಷ ನಲವತ್ತು ಸೆಕೆಂಡು" ಎಂದೆ.

ಆ ಕಡೆ ಕ್ಷಣಕಾಲ ಮೌನ. ಫೋನನ್ನು ಮಗನ ಕೈಗೆ ಕೊಟ್ಟು ನಾನು ಚಕ್ಕುಲಿ ಡಬ್ಬಿ ತೆರೆದೆ.