ಬೀಡಿ ಕಟ್ಟಿದ ಕೈಗಳಿಗೆ ಸಲ್ಲಬೇಕಾದ ಹಕ್ಕು

ಕಲ್ಯಾಣ ರಾಜ್ಯ ಎಂಬ ಪದವನ್ನು ನಾವು ಪಠ್ಯಪುಸ್ತಕದಲ್ಲಿ ಓದಿದೆವು. ಅದರ ಅರ್ಥ ತಿಳಿಯಬೇಕಾದರೆ ಕರಾವಳಿಯ ಮನೆಗಳ ಜಗಲಿಗೆ ಬರಬೇಕು. ಮೊರವನ್ನು ಮಡಿಲಲ್ಲಿರಿಸಿಕೊಂಡು ಬೀಡಿ ಕಟ್ಟಿದ ತಾಯಂದಿರ ದುಡಿಮೆಯಿಂದ ನಮ್ಮ ನಡುವೆ ಎಷ್ಟೋ ಮಂದಿ ಅಕ್ಷರ ಕಲಿತರು, ಎಷ್ಟೋ ಸಹೋದರಿಯರ ಮದುವೆಗಳು ನಡೆದವು.

ಮನೆಯಲ್ಲೇ ಕುಳಿತು ದುಡಿಯುವವಳು ಕಾರ್ಮಿಕಳೇ? 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಹೌದು ಎಂದಿತು. ಮಾಲಕರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂತು. ಸಾವಿರ ಬೀಡಿಗೆ ಇಂತಿಷ್ಟು ಎಂದು ಸೆಸ್ ವಸೂಲಾಗುತ್ತಿತ್ತು. ಚಿಕಿತ್ಸೆ, ಮನೆ ಕಟ್ಟಲು ನೆರವು, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಆ ಬಲದಿಂದಲೇ ನಡೆಯುತ್ತಿದ್ದವು. ಅಂದರೆ ಅವಳು ಕಟ್ಟಿದ ಪ್ರತಿಯೊಂದು ಕಟ್ಟಿನಲ್ಲೂ ಅವಳ ನಾಳೆಗೊಂದು ಪಾಲಿತ್ತು.

2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಆ ಸೆಸ್ ರದ್ದಾಯಿತು. ಬೀಡಿಯ ಮೇಲಿನ ತೆರಿಗೆ ಉಳಿಯಿತು, ಆದರೆ ಕಾರ್ಮಿಕಳ ಹೆಸರಿನಲ್ಲಿ ಮೀಸಲಾಗಿದ್ದ ಪಾಲು ಉಳಿಯಲಿಲ್ಲ. ಈಗ ಕಲ್ಯಾಣದ ಹಣ ಬಜೆಟಿನಿಂದ ಬರಬೇಕು. ಇದು ಬರಿಯ ಲೆಕ್ಕಪತ್ರದ ಬದಲಾವಣೆಯೇ? ಅಲ್ಲ. ದುಡಿಮೆಯಿಂದ ಹುಟ್ಟಿದ ಹಕ್ಕು ಇಲ್ಲಿ ಸರಕಾರದ ಕೃಪೆಯಾಗಿ ಮಾರ್ಪಟ್ಟಿದೆ.

ಹೊಗೆಸೊಪ್ಪು ಹಾನಿಕರ. ಬೀಡಿಯ ಉದ್ಯಮ ಬೆಳೆಯಲಿ ಎಂದು ನಾವು ಹಾರೈಸುವುದಿಲ್ಲ. ಆದರೆ ಕೆಲಸ ಕ್ಷೀಣಿಸಿದೊಡನೆ ಕೆಲಸ ಮಾಡಿದವಳ ಋಣವೂ ತೀರಿಹೋಗುವುದೇ?

ಇಂದು ಅವಳ ಮಗ ಬೆಂಗಳೂರಿನ ಬೀದಿಗಳಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹೊತ್ತು ಓಡುತ್ತಾನೆ. ಕಂಪೆನಿಯು ಅವನನ್ನು ಕಾರ್ಮಿಕ ಎನ್ನದೆ ಪಾಲುದಾರ ಎನ್ನುತ್ತದೆ. ತಾಯಿಯ ಮುಂದಿದ್ದ ಹಳೆಯ ಪ್ರಶ್ನೆಯೇ ಮಗನ ಮುಂದೆಯೂ ನಿಂತಿದೆ. ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆಯು, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪೆನಿಯಿಂದ ಪಡೆಯಲು ಅವಕಾಶ ನೀಡಿದೆ. ತಾಯಿಯಿಂದ ಕಸಿದುಕೊಂಡ ತತ್ವ ಮಗನ ಪಾಲಿಗೆ ಮರಳಿ ಬಂದಿರುವುದು ಸಂತಸದ ಸಂಗತಿಯೇ ಸರಿ. ಆದರೆ ಕಾನೂನು ಕಾಗದದಲ್ಲಿದ್ದರೆ ಸಾಲದು. ಅವನ ಹೆಸರು ನೋಂದಣಿಯಾಗಬೇಕು, ನಿಧಿಯ ಲೆಕ್ಕ ಅವನಿಗೆ ಕಾಣಬೇಕು.

ಝಕಾತ್ ಸಿರಿವಂತನ ಔದಾರ್ಯವಲ್ಲ, ಬಡವನ ಹಕ್ಕು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಹಾಗೆ ಕಲಿಸುವ ನಾವು ದುಡಿದವರ ಪಾಲನ್ನು ಭಿಕ್ಷೆಯೆಂದು ಕರೆಯುವುದನ್ನು ಕೇಳಿಯೂ ಸುಮ್ಮನಿರಬಹುದೇ? ನಮ್ಮ ಮೊಹಲ್ಲಾದ ಓದಿದ ತರುಣರು ವಾರಕ್ಕೊಂದು ಸಂಜೆ ಕುಳಿತು ಇಂತಹವರ ಅರ್ಜಿಗಳನ್ನು ತುಂಬಿಕೊಡಲಿ. ಅದೂ ಹಕ್ಕನ್ನು ಹಕ್ಕುದಾರರಿಗೆ ತಲುಪಿಸುವ ಕೆಲಸವೇ ಆಗಿದೆ.