ರಬ್ಬರ್ ಹಾಲಿನ ರಾಕ್ಷಸರು

ಅಮೆರಿಕದ ಲಾಸ್ ಏಂಜಲೀಸ್ ನಗರದ ಪಶ್ಚಿಮಕ್ಕೆ ಟೊಪ್ಯಾಂಗಾ ಎಂಬ ಗುಡ್ಡಗಾಡಿನ ಕಣಿವೆಯೊಂದುಂಟು. 1950ರ ದಶಕದಲ್ಲಿ ಅಲ್ಲಿಯ ಮನೆಯೊಂದರಲ್ಲಿ ಪಾಲ್ ಬ್ಲೇಸ್‌ಡೆಲ್ ಎಂಬ ಚಿತ್ರಕಾರನೂ ಆತನ ಪತ್ನಿ ಜಾಕಿಯೂ ವಾಸವಾಗಿದ್ದರು. ಈ ದಂಪತಿಗಳ ಗೃಹಕೈಗಾರಿಕೆ ಬಹು ವಿಚಿತ್ರವಾದುದು. ಹಪ್ಪಳವಲ್ಲ, ಸಂಡಿಗೆಯಲ್ಲ, ಅವರ ಮನೆಯಲ್ಲಿ ತಯಾರಾಗುತ್ತಿದ್ದುದು ರಾಕ್ಷಸರು!

ವೈಜ್ಞಾನಿಕ ಕಥೆಗಳ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ ಬ್ಲೇಸ್‌ಡೆಲ್ ಚಲಚ್ಚಿತ್ರರಂಗಕ್ಕೆ ಕಾಲಿಟ್ಟದ್ದು 1955ರ ಸುಮಾರಿಗೆ. ಆಗ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ಸಂಸ್ಥೆ ಅಲ್ಪ ವೆಚ್ಚದಲ್ಲಿ, ಅಲ್ಪ ಕಾಲದಲ್ಲಿ ಭಯಾನಕ ಚಿತ್ರಗಳನ್ನು ತೆಗೆದು ಊರೂರಿಗೆ ಹಂಚುತ್ತಿದ್ದಿತು. ಯೂನಿವರ್ಸಲ್‌ನಂತಹ ದೊಡ್ಡ ಸಂಸ್ಥೆಗಳ ಮಾತು ಬೇರೆ. 1954ರಲ್ಲಿ ಅದು ಹೊರತಂದ ‘ಕ್ರೀಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್’ ಚಿತ್ರದ ಮೀನುಮಾನವನಿಗಾಗಿ ಒಂದು ಇಲಾಖೆಯೇ ದುಡಿದಿತ್ತು. ಅವನ ರೂಪವನ್ನು ಕಲ್ಪಿಸಿದ ಮಿಲಿಸೆಂಟ್ ಪ್ಯಾಟ್ರಿಕ್ ಎಂಬಾಕೆಗೆ ಸಲ್ಲಬೇಕಾದ ಕೀರ್ತಿ ಬಹುಕಾಲ ಸಲ್ಲಲೇ ಇಲ್ಲವೆಂಬುದು ಮತ್ತೊಂದು ಕಥೆ. ಟೊಪ್ಯಾಂಗಾದ ಮನೆಯಲ್ಲಾದರೋ ಇಲಾಖೆಯೂ ಇಲ್ಲ, ಆಳುಕಾಳೂ ಇಲ್ಲ. ಗಂಡ, ಹೆಂಡತಿ, ಎರಡು ಜೊತೆ ಕೈ.

ಇಂತಹ ಮುಖವಾಡಗಳ ಮೂಲದ್ರವ್ಯ ರಬ್ಬರ್ ಮರದ ಹಾಲು. ಸುಳ್ಯ, ಪುತ್ತೂರುಗಳ ಕಡೆಯ ತೋಟಗಾರರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಹಾಲು ಒಡೆದು ಗಟ್ಟಿಯಾಗದಿರಲೆಂದು ಅಮೋನಿಯ ಬೆರೆಸಿರುತ್ತಾರೆ. ಡಬ್ಬಿಯ ಮುಚ್ಚಳ ತೆರೆದೊಡನೆ ಕಣ್ಣಲ್ಲಿ ನೀರು ಬರಬೇಕು. ಒಂದೇ ಮುಖವನ್ನು ಹಲವು ಪ್ರತಿಗಳಲ್ಲಿ ತೆಗೆಯುವುದಾದರೆ ಅಚ್ಚು ಬೇಕು. ಮೊದಲು ಗಾರೆಯ ತಲೆಯೊಂದರ ಮೇಲೆ ಜೇಡಿಮಣ್ಣು ಮೆತ್ತಿ ಸುಕ್ಕು, ನಿರಿಗೆ, ಹುಬ್ಬು, ಕೋರೆಗಳನ್ನೆಲ್ಲ ತಿದ್ದುತ್ತಾರೆ. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ, ಕಿವಿಗಳ ನೇರಕ್ಕೆ ಸೀಳಿಬರುವಂತೆ ಮುಂದಿನದೊಂದು ಹಿಂದಿನದೊಂದು ಎರಡು ಹೋಳುಗಳಾಗಿ ಅಚ್ಚು ತೆಗೆಯುತ್ತಾರೆ. ಒಳಗಿನ ಮಣ್ಣನ್ನು ತೊಳೆದು ಹೋಳುಗಳನ್ನು ಬಿಗಿದು ಕಟ್ಟಿ ಹಾಲು ಸುರಿದರೆ, ಒಣಗಿದ ಪ್ಲಾಸ್ಟರು ಅದರ ನೀರಿನಂಶವನ್ನು ಹೀರುತ್ತದೆ. ಗೋಡೆಗೆ ಅಂಟಿದ ಪದರ ಮಾತ್ರ ರಬ್ಬರಾಗಿ ಉಳಿಯುತ್ತದೆ. ಮಿಕ್ಕ ಹಾಲನ್ನು ಡಬ್ಬಿಗೆ ಮರಳಿ ಸುರಿಯಬಹುದು. ಆತುರಗಾರರಿಗೆ ಈ ವಿದ್ಯೆ ಹೇಳಿಸಿದ್ದಲ್ಲ. ಪೂರ್ತಿ ಒಣಗುವ ಮುನ್ನ ಕಿತ್ತರೆ ಮುಖ ಸೊಟ್ಟಗಾಗುತ್ತದೆ. ಟಾಲ್ಕಂ ಪುಡಿ ಉದುರಿಸದೆ ಬಿಡಿಸಿದರೆ ರಬ್ಬರು ತನಗೆ ತಾನೇ ಅಂಟಿಕೊಂಡು, ಹಲವು ದಿನಗಳ ರಾಕ್ಷಸ ಒಂದು ಗಳಿಗೆಯಲ್ಲಿ ಮುದ್ದೆಯಾಗುತ್ತಾನೆ. ಒಣಗುವಾಗ ಅದು ಕೊಂಚ ಕುಗ್ಗುವುದರಿಂದ ಮಣ್ಣಿನ ಮುಖವನ್ನು ಮೊದಲೇ ಸ್ವಲ್ಪ ದೊಡ್ಡದಾಗಿ ಮಾಡಿರಬೇಕು.

ಆದರೆ ಒಂದೇ ಒಂದು ರಾಕ್ಷಸ ಸಾಕಾದಾಗ ಬ್ಲೇಸ್‌ಡೆಲ್ ಅಚ್ಚಿನ ಗೋಜಿಗೆ ಹೋಗುತ್ತಿರಲಿಲ್ಲ. ತನ್ನದೇ ತಲೆಯ ಗಾರೆಯ ಪ್ರತಿಕೃತಿಯೊಂದನ್ನು ಇಟ್ಟುಕೊಂಡಿದ್ದ. ಅದರ ಮೇಲೆ ಸ್ಪಂಜಿನಂತಹ ರಬ್ಬರಿನ ತುಂಡುಗಳನ್ನು ಅಂಟಿಸಿ, ಕತ್ತರಿಯಿಂದ ಸವರಿ, ಮೇಲೆ ರಬ್ಬರ್ ಹಾಲನ್ನು ಪದರ ಪದರವಾಗಿ ಬಳಿಯುತ್ತಿದ್ದ. ‘ಡೇ ದಿ ವರ್ಲ್ಡ್ ಎಂಡೆಡ್’ ಚಿತ್ರದ ಮುಕ್ಕಣ್ಣ, 1956ರ ‘ಶೀ ಕ್ರೀಚರ್’ ಚಿತ್ರದ ಕಡಲ ರಕ್ಕಸಿ, ಇವರೆಲ್ಲ ಹೀಗೆ ಹುಟ್ಟಿದವರು. ರಕ್ಕಸಿಗೆ ದಂಪತಿಗಳು ಮನೆಯಲ್ಲಿ ಇಟ್ಟ ಮುದ್ದಿನ ಹೆಸರು ‘ಕಡಲ್ಸ್’. ಅಪ್ಪಿ ಮುದ್ದಾಡತಕ್ಕವಳು ಎಂಬ ಅರ್ಥ! ವೇಷದೊಳಗೆ ಹೊಕ್ಕು ನಟಿಸುತ್ತಿದ್ದವನೂ ಬಹುಮಟ್ಟಿಗೆ ಬ್ಲೇಸ್‌ಡೆಲ್ಲನೇ. ಮುಕ್ಕಣ್ಣನು ಮಳೆಗೆ ಸಿಕ್ಕಿ ಸಾಯಬೇಕೆಂದು ಕಥೆ. ಕೃತಕ ಮಳೆ ಸುರಿದಾಗ ಸ್ಪಂಜು ರಬ್ಬರು ನೀರು ಕುಡಿದು ಭಾರವಾಗಿ, ಒಳಗಿದ್ದವನ ಪಾಡು ನಿಜವಾದ ಪಾಡೇ ಆಯಿತು. ಪ್ರೇಕ್ಷಕರಿಗೆ ಇದೊಂದೂ ತಿಳಿಯದು.

ತನಗೆ ತಾನೇ ಹೊಲಿದುಕೊಂಡ ಅಂಗಿಯನ್ನು ಮತ್ತೊಬ್ಬನು ತೊಟ್ಟರೆ ಏನಾದೀತೆಂಬುದು 1958ರಲ್ಲಿ ತಿಳಿಯಿತು. ‘ಇಟ್! ದಿ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್’ ಎಂಬ ಚಿತ್ರದಲ್ಲಿ ಮಂಗಳಗ್ರಹದ ರಾಕ್ಷಸನಾಗಿ ಗೊತ್ತಾದವನು ರೇ ‘ಕ್ರ್ಯಾಶ್’ ಕಾರಿಗನ್, ದಷ್ಟಪುಷ್ಟ ದೇಹದ ನಟ. ಗೊರಿಲ್ಲಾ ವೇಷಗಳಲ್ಲಿ ನುರಿತವನು. ಮುಖದ ಅಳತೆಗಾಗಿ ಟೊಪ್ಯಾಂಗಾದವರೆಗೆ ಹೋಗಲು ಈ ಮಹಾಶಯನು ಒಪ್ಪಲಿಲ್ಲ. ಮುಖವಾಡವು ಬ್ಲೇಸ್‌ಡೆಲ್ಲನ ತಲೆಯ ಪ್ರತಿಕೃತಿಯ ಮೇಲೆಯೇ ತಯಾರಾಯಿತು. ಚಿತ್ರೀಕರಣದ ಹೊತ್ತಿಗೆ ತೊಡಿಸಿ ನೋಡಿದರೆ, ಕಾರಿಗನ್ನನ ಗದ್ದ ರಾಕ್ಷಸನ ಬಾಯಿಂದ ಹೊರಗೆ ಇಣುಕುತ್ತಿದೆ! ಮತ್ತೊಂದು ಮಾಡಲು ವೇಳೆಯೆಲ್ಲಿ? ಆ ಗದ್ದಕ್ಕೇ ಬಣ್ಣ ಬಳಿದು ಅದನ್ನು ನಾಲಗೆಯೆಂದು ಕರೆದರು. ಇಂದಿಗೂ ಚಿತ್ರವನ್ನು ನೋಡಿದವರು ಆ ದಪ್ಪ ನಾಲಗೆಯನ್ನು ಕಾಣಬಹುದು. ಉಪಾಯವೇನೋ ಚೆನ್ನಾಗಿಯೇ ಇದೆ. ಆದರೆ ಒಂದು ದಿನದ ಪ್ರಯಾಣವನ್ನು ಉಳಿಸಿಕೊಂಡ ನಟನಿಗಿಂತ, ರಾತ್ರಿಗಳನ್ನು ಕಳೆದು ಕೆಲಸ ಮಾಡಿದ ಕೈಗಳ ಮೇಲೆ ಕನಿಕರ ಹುಟ್ಟುವುದೇ ನ್ಯಾಯ. ಇಪ್ಪತ್ತು ವರ್ಷಗಳ ತರುವಾಯ ಬಂದ ‘ಏಲಿಯನ್’ ಎಂಬ ಪ್ರಸಿದ್ಧ ಚಿತ್ರಕ್ಕೆ ಈ ಸಣ್ಣ ಚಿತ್ರದ ಕಥೆಯೂ ಸ್ಫೂರ್ತಿಯೆಂದು ವಿಮರ್ಶಕರು ಹೇಳುತ್ತಾರೆ. ಅಲ್ಲಿನ ರಾಕ್ಷಸನ ವೆಚ್ಚವನ್ನು ಕೇಳಿದ್ದರೆ ಟೊಪ್ಯಾಂಗಾದ ದಂಪತಿಗಳು ಏನೆನ್ನುತ್ತಿದ್ದರೋ!

ಅದೇ 1958ರಲ್ಲಿ ‘ಹೌ ಟು ಮೇಕ್ ಎ ಮಾನ್‌ಸ್ಟರ್’ ಎಂಬ ಚಿತ್ರ ಬಂದಿತು. ಕೆಲಸದಿಂದ ಕಿತ್ತುಹಾಕಲ್ಪಟ್ಟ ಪ್ರಸಾಧನ ಕಲಾವಿದನೊಬ್ಬನ ಕಥೆ. ಅವನ ಮನೆಯ ಗೋಡೆಯ ಮೇಲೆ ತೂಗುಹಾಕಿದ್ದುದು ಬ್ಲೇಸ್‌ಡೆಲ್ಲನ ಕೃತಿಗಳು. ಕಡೆಯಲ್ಲಿ ಆ ಮನೆಗೆ ಬೆಂಕಿ ಬೀಳುತ್ತದೆ. ಕಪ್ಪು ಬಿಳುಪಿನ ಚಿತ್ರದಲ್ಲಿ ಕೊನೆಯ ಭಾಗವೊಂದನ್ನೇ ವರ್ಣದಲ್ಲಿ ತೆಗೆದಿದ್ದರಾಗಿ, ಜ್ವಾಲೆ ಸೊಗಸಾಗಿಯೇ ಕಾಣುತ್ತದೆ. ಉರಿದುಹೋದವುಗಳಲ್ಲಿ 1957ರ ‘ಕ್ಯಾಟ್ ಗರ್ಲ್’ ಚಿತ್ರಕ್ಕಾಗಿ ಮಾಡಿದ ಮುಖವಾಡವೂ ಒಂದು. ಅಚ್ಚಿದ್ದರೆ ಮತ್ತೊಂದನ್ನು ಎರಕ ಹೊಯ್ಯಬಹುದು. ಕೈಯಿಂದ ತುಂಡು ತುಂಡಾಗಿ ಕಟ್ಟಿದುದು ಹೋದರೆ ಹೋದಂತೆಯೇ. ಬೆಂಕಿಯಿಂದ ಉಳಿದರೂ ರಬ್ಬರಿಗೆ ಆಯುಷ್ಯ ಕಡಿಮೆ. ಗಾಳಿ, ಬಿಸಿಲು ತಾಕಿ ಕ್ರಮೇಣ ಗಡಸಾಗಿ, ಬಿರಿದು, ಪುಡಿಯಾಗುವುದು ಅದರ ಧರ್ಮ.

1960ರ ಬಳಿಕ ಬ್ಲೇಸ್‌ಡೆಲ್ ಚಿತ್ರರಂಗದಿಂದ ದೂರ ಸರಿದ. ತೀರಿಕೊಂಡದ್ದು 1983ರಲ್ಲಿ. ಈ ನಡುವೆ, 1962ರಲ್ಲಿ ಗೆಳೆಯ ಬಾಬ್ ಬರ್ನ್ಸ್ ಜೊತೆಗೂಡಿ ರಾಕ್ಷಸ ಚಿತ್ರಗಳಿಗೇ ಮೀಸಲಾದ ಪತ್ರಿಕೆಯೊಂದನ್ನು ಆರಂಭಿಸಿದ್ದ. ಅದು ಬಹುಕಾಲ ಬಾಳಲಿಲ್ಲ. ಅದರ ಪುಟಗಳಲ್ಲಿ ‘ದಿ ಡೆವಿಲ್ಸ್ ವರ್ಕ್‌ಷಾಪ್’ ಎಂಬ ಅಂಕಣ ಅವನದು. ದೊಡ್ಡ ಸಂಸ್ಥೆಗಳ ಪ್ರಸಾಧನ ಕೊಠಡಿಗಳಲ್ಲಿ ಬಾಗಿಲು ಮುಚ್ಚಿ ಕಾಪಾಡುತ್ತಿದ್ದ ವಿದ್ಯೆಯನ್ನು ಆತ ಅಲ್ಲಿ ಓದುಗ ಹುಡುಗರಿಗೆ ಬಿಚ್ಚಿ ಹೇಳತೊಡಗಿದ.